ಹಿಡಿದೊಯ್ದವರ ಸುದ್ದಿ ಮೊದಲು ಮನೆಗೆ ಮುಟ್ಟಲಿ

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳ ಪೊಲೀಸ್ ಠಾಣೆಗಳ ಅಧಿಕಾರಿಗಳಿಗೆ, ವಿಶೇಷವಾಗಿ ಠಾಣೆಯ ಬರಹಗಾರರಿಗೆ,



ನಾನು ವಕೀಲರೊಬ್ಬರ ಕಚೇರಿಯಲ್ಲಿ ಗುಮಾಸ್ತ. ವಕಾಲತ್ತಿಗೆ ಸಹಿ ಹಾಕಿಸುವುದು, ಸ್ಟ್ಯಾಂಪು ಹಚ್ಚುವುದು, ನಕಲಿಗೆ ಅರ್ಜಿ ಕೊಡುವುದು, ಜಾಮೀನುದಾರರ ಉತಾರ ಸರಿ ಇದೆಯೋ ಇಲ್ಲವೋ ನೋಡುವುದು ನನ್ನ ಕೆಲಸ. ನಿಮ್ಮಲ್ಲಿ ಬಹಳ ಮಂದಿಗೆ ನನ್ನ ಮುಖಪರಿಚಯ ಇದೆ. ಕೋರ್ಟಿನ ಆವರಣದಲ್ಲಿ ನೀವು ರಿಮಾಂಡ್ ಕಾಗದ ಹಿಡಿದು ನಿಂತಿರುತ್ತೀರಿ, ನಾನು ಜಾಮೀನು ಅರ್ಜಿ ಹಿಡಿದು ನಿಂತಿರುತ್ತೇನೆ. ಒಂದೇ ಗಾಡಿಯಲ್ಲಿ ಚಹಾ ಕುಡಿಯುತ್ತೇವೆ. ಆ ಸಲಿಗೆಯ ಮೇಲೆ ಈ ಪತ್ರ ಬರೆಯುತ್ತಿದ್ದೇನೆ. ದೂರು ಎಂದು ತಿಳಿಯಬೇಡಿ.

ವಿಷಯ ಸಣ್ಣದು. ಒಬ್ಬನನ್ನು ಹಿಡಿದು ತಂದಾಗ ಅವನು ಎಲ್ಲಿದ್ದಾನೆ, ಯಾವ ಪ್ರಕರಣದಲ್ಲಿ ಇದ್ದಾನೆ, ಯಾವಾಗ ಕೋರ್ಟಿಗೆ ತರುತ್ತೀರಿ ಎಂಬುದು ಅವನ ಮನೆಯವರಿಗೆ ಗೊತ್ತಾಗಬೇಕು. ಇಡೀ ಊರಿಗಿಂತ ಮೊದಲು ಗೊತ್ತಾಗಬೇಕು. ಇಷ್ಟೇ ನನ್ನ ವಿನಂತಿ. ಇದರ ಸುತ್ತ ಇರುವ ಕಾನೂನು, ಅದಕ್ಕೆ ಅಡ್ಡ ಬರುವ ರೂಢಿ, ನಾನು ಕಣ್ಣಾರೆ ಕಂಡದ್ದು ಇವನ್ನೆಲ್ಲ ಹೇಳಬೇಕಾದ್ದರಿಂದ ಪತ್ರ ಉದ್ದವಾಗುತ್ತದೆ, ಕ್ಷಮಿಸಿ. ನಿಮ್ಮ ಠಾಣೆಯಲ್ಲಿ ಬಂಧಿತರ ಹೆಸರಿನ ಹಲಗೆ ಇದ್ದು, ಅದರ ಮೇಲೆ ಇವತ್ತಿನ ತಾರೀಖು ಇದ್ದರೆ ಈ ಪತ್ರ ನಿಮಗಲ್ಲ. ಪಕ್ಕದ ಠಾಣೆಯ ಗೆಳೆಯರಿಗೆ ಓದಲು ಕೊಡಿ.

ಕಂಡದ್ದನ್ನು ಮೊದಲು ಹೇಳುತ್ತೇನೆ. ಒಂದು ದಿನ ಬೆಳಿಗ್ಗೆ ನಮ್ಮ ಕಚೇರಿಯ ಬಾಗಿಲು ತೆಗೆಯುವ ಮೊದಲೇ ಒಬ್ಬ ತಾಯಿ ಕಟ್ಟೆಯ ಮೇಲೆ ಕೂತಿದ್ದಳು. ಮಗ ಪಾವರ್‌ಲೂಮ್ ಮಗ್ಗದ ಮೇಲೆ ದುಡಿಯುವವನು. ಹಿಂದಿನ ರಾತ್ರಿ ಪಾಳಿ ಮುಗಿಸಿ ಚಹಾ ಅಂಗಡಿಯ ಮುಂದೆ ನಿಂತಿದ್ದಾಗ ಸಿವಿಲ್ ಬಟ್ಟೆಯ ಇಬ್ಬರು ಬಂದು ಬೈಕಿನ ನಡುವೆ ಕೂರಿಸಿಕೊಂಡು ಹೋದರಂತೆ. ಆಕೆ ರಾತ್ರಿಯೇ ಒಂದು ಠಾಣೆಗೆ ಹೋದಳು. “ಇಲ್ಲಿ ತಂದಿಲ್ಲವಾ, ಆ ಕಡೆ ಕೇಳು” ಅಂದರು. ಆ ಕಡೆ ಹೋದಳು. “ನಮ್ಮವರಲ್ಲ, ಕ್ರೈಂ ಟೀಮಿನವರು ಇರಬೇಕು” ಅಂದರು. ಕ್ರೈಂ ಟೀಮ್ ಅಂದರೆ ಯಾವ ಊರು, ಯಾವ ಓಣಿ ಎಂದು ಆಕೆ ಯಾರನ್ನು ಕೇಳಬೇಕು? “ಯಪ್ಪಾ, ನನ್ನ ಮಗನ್ನ ಎಲ್ಲಿ ಒಯ್ದಾರ ಅಷ್ಟ ಹೇಳ್ರಿ ಸಾಕ, ಬಿಡಸ್ರಿ ಅಂತ ನಾ ಕೇಳೂದಿಲ್ಲ” ಎಂದು ನನ್ನ ಮುಂದೆ ಕೈಮುಗಿದಳು.

ಕೊನೆಗೆ ಸುದ್ದಿ ಬಂದದ್ದು ಮಹಾರಾಷ್ಟ್ರದ ಇಚಲಕರಂಜಿಯಿಂದ! ಅಲ್ಲಿನ ಮಗ್ಗಗಳಲ್ಲಿ ಕೆಲಸಕ್ಕಿರುವ ಅವಳ ದೊಡ್ಡ ಮಗನ ಮೊಬೈಲಿಗೆ ನಮ್ಮೂರಿನದೇ ಒಂದು ವಾಟ್ಸ್‌ಆ್ಯಪ್ ಗುಂಪಿನಿಂದ ತಮ್ಮನ ಫೋಟೊ ಬಂದಿತ್ತು. ಗೋಡೆಗೆ ಒರಗಿ ನೆಲದ ಮೇಲೆ ಕೂರಿಸಿದ್ದಾರೆ, ಮುಂದೆ ನಾಲ್ಕು ಮೊಬೈಲ್ ಇಟ್ಟಿದ್ದಾರೆ, ಮೇಲೆ ದಪ್ಪ ಅಕ್ಷರದಲ್ಲಿ ‘ಖತರ್ನಾಕ್ ಕಳ್ಳ ಅಂದರ್’. ರಾಜ್ಯದ ಗಡಿ ದಾಟಿ ಹೋದ ಸುದ್ದಿ, ಅದೇ ಊರಿನಲ್ಲಿ ರಾತ್ರಿಯಿಡೀ ತಿರುಗಿದ ತಾಯಿಗೆ ಮುಟ್ಟಿರಲಿಲ್ಲ. ಹುಡುಗನನ್ನು ಅಂದು ಸಂಜೆ ಕೋರ್ಟಿಗೆ ತಂದರು, ಮುಂದೆ ಜಾಮೀನು ಆಯಿತು, ಪ್ರಕರಣ ಇನ್ನೂ ನಡೆದಿದೆ. ಅವನು ಕದ್ದನೋ ಇಲ್ಲವೋ ನ್ಯಾಯಾಧೀಶರು ಹೇಳುತ್ತಾರೆ. ನನ್ನ ತಕರಾರು ಹಿಡಿದ ಬಗ್ಗೆ ಅಲ್ಲ, ಆ ಒಂದು ರಾತ್ರಿಯ ಬಗ್ಗೆ.

ನೀವು ದಿನಾ ಬಳಸುವ ಕಾನೂನನ್ನು ನಿಮಗೇ ಹೇಳಲು ಸಂಕೋಚ. ಆದರೂ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಎರಡು ಕಲಂಗಳನ್ನು ಇನ್ನೊಮ್ಮೆ ತೆರೆದು ನೋಡಿ ಎಂದು ಕೇಳಿಕೊಳ್ಳುತ್ತೇನೆ. ಒಂದು ಕಲಂ 37. ಪ್ರತಿ ಜಿಲ್ಲೆಯಲ್ಲೂ ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬರನ್ನು ‘ನಿಯೋಜಿತ ಅಧಿಕಾರಿ’ ಎಂದು ಸರ್ಕಾರ ಗೊತ್ತುಮಾಡಬೇಕು. ಬಂಧಿತರ ಹೆಸರು, ವಿಳಾಸ, ಯಾವ ಬಗೆಯ ಅಪರಾಧ ಎಂಬ ಮಾಹಿತಿ ಇಡುವ ಹೊಣೆ ಅವರದು. ಆ ಮಾಹಿತಿಯನ್ನು ಪ್ರತಿ ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಎದ್ದು ಕಾಣುವಂತೆ ಪ್ರದರ್ಶಿಸಬೇಕು, ಡಿಜಿಟಲ್ ರೂಪದಲ್ಲಿ ಬೇಕಾದರೂ ಸರಿ. ಇನ್ನೊಂದು ಕಲಂ 48. ಬಂಧಿಸಿದ ಅಧಿಕಾರಿ ಕೂಡಲೇ ಬಂಧಿತನು ಹೆಸರಿಸಿದ ಸಂಬಂಧಿಕರಿಗೋ ಗೆಳೆಯರಿಗೋ ಬೇರೆಯವರಿಗೋ ಬಂಧನದ ಸುದ್ದಿಯನ್ನೂ ಅವನನ್ನು ಇಟ್ಟಿರುವ ಜಾಗವನ್ನೂ ತಿಳಿಸಬೇಕು. ಯಾರಿಗೆ ತಿಳಿಸಿದೆವು ಎಂಬುದನ್ನು ಠಾಣೆಯ ಪುಸ್ತಕದಲ್ಲಿ ಬರೆಯಬೇಕು. ಬಂಧಿತನನ್ನು ಮುಂದೆ ತಂದು ನಿಲ್ಲಿಸಿದಾಗ ಇದು ಆಗಿದೆಯೋ ಇಲ್ಲವೋ ಎಂದು ಮ್ಯಾಜಿಸ್ಟ್ರೇಟರು ಖಾತ್ರಿ ಮಾಡಿಕೊಳ್ಳಬೇಕು.

ಈ ಸಂಹಿತೆ ಜಾರಿಯಾದದ್ದು 2024ರ ಜುಲೈ 1ರಂದು. ಹೊಸ ಕಾನೂನು, ರೂಢಿಗೆ ಬರಲು ಕಾಲ ಬೇಕು ಎನ್ನುವಂತಿಲ್ಲ. ಬಂಧಿತರ ಹೆಸರನ್ನು ಜಿಲ್ಲಾ ನಿಯಂತ್ರಣ ಕೊಠಡಿಯ ಹೊರಗಿನ ಫಲಕದಲ್ಲಿ ಹಾಕಬೇಕೆಂಬುದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲೇ 41-ಸಿ ಎಂದು ಇತ್ತು. 2010ರ ನವೆಂಬರ್ 1ರಿಂದ, ಅಂದರೆ ಒಂದು ರಾಜ್ಯೋತ್ಸವದ ದಿನದಿಂದ, ಜಾರಿಯಲ್ಲಿತ್ತು. ಮನೆಯವರಿಗೆ ತಿಳಿಸಬೇಕೆಂಬ 50-ಎ ಅದಕ್ಕೂ ಹಿಂದಿನದು, 2006ರದು. ಹೊಸ ಸಂಹಿತೆ ಸೇರಿಸಿದ್ದು ಪ್ರತಿ ಠಾಣೆಯಲ್ಲೂ ಎಂಬ ಮಾತು, ನಿಯೋಜಿತ ಅಧಿಕಾರಿ, ಡಿಜಿಟಲ್ ರೂಪ, ಮತ್ತೆ ಒಂದೆರಡು ವಿವರ.

ಇದರ ಬೇರು ಒಂದು ಪತ್ರದಲ್ಲಿದೆ ಎಂಬುದು ನನ್ನಂಥ ಪತ್ರ ಬರೆಯುವವನಿಗೆ ಧೈರ್ಯ ಕೊಡುವ ಸಂಗತಿ. 1986ರ ಆಗಸ್ಟ್ 26ರಂದು ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯ ಕಾರ್ಯಾಧ್ಯಕ್ಷ ಡಿ.ಕೆ. ಬಸು ಅವರು ಪತ್ರಿಕೆಗಳಲ್ಲಿ ಬಂದ ಲಾಕಪ್ ಸಾವುಗಳ ವರದಿ ಓದಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದರು. ಕೋರ್ಟು ಅದನ್ನೇ ರಿಟ್ ಅರ್ಜಿ ಎಂದು ಎತ್ತಿಕೊಂಡಿತು. ಹತ್ತು ವರ್ಷದ ನಂತರ, 1996ರ ಡಿಸೆಂಬರ್ 18ರಂದು, ನ್ಯಾಯಮೂರ್ತಿ ಕುಲದೀಪ್ ಸಿಂಗ್ ಮತ್ತು ನ್ಯಾಯಮೂರ್ತಿ ಎ.ಎಸ್. ಆನಂದ್ ಅವರ ಪೀಠದ ತೀರ್ಪು ಬಂತು. ಹನ್ನೊಂದು ಸೂಚನೆಗಳು. ಬಂಧಿಸುವವರ ಎದೆಯ ಮೇಲೆ ಹೆಸರು ಇರಬೇಕು. ಅರೆಸ್ಟ್ ಮೆಮೊ ಸ್ಥಳದಲ್ಲೇ ಆಗಬೇಕು, ಅದಕ್ಕೆ ಮನೆಯವರೋ ಊರಿನ ಗಣ್ಯರೋ ಸಾಕ್ಷಿ ಹಾಕಬೇಕು, ಬಂಧಿತನೂ ಸಹಿ ಮಾಡಬೇಕು, ತಾರೀಖು ವೇಳೆ ಇರಬೇಕು. ಬಂಧನದ ಸುದ್ದಿ 12 ತಾಸಿನೊಳಗೆ ಜಿಲ್ಲಾ ನಿಯಂತ್ರಣ ಕೊಠಡಿಗೆ ಮುಟ್ಟಿ ಅಲ್ಲಿನ ಸೂಚನಾ ಫಲಕದಲ್ಲಿ ಕಾಣಬೇಕು. ಈ ಸೂಚನೆಗಳನ್ನೇ ಪ್ರತಿ ಠಾಣೆಯಲ್ಲಿ ಎದ್ದು ಕಾಣುವಂತೆ ಹಾಕಬೇಕು, ಸ್ಥಳೀಯ ಭಾಷೆಯಲ್ಲಿ ಕರಪತ್ರ ಮಾಡಿ ಹಂಚಿದರೆ ಒಳ್ಳೆಯದು ಎಂದೂ ಅದೇ ತೀರ್ಪಿನಲ್ಲಿದೆ. ಬಹಳ ಠಾಣೆಗಳಲ್ಲಿ ಆ ಹನ್ನೊಂದು ಸೂಚನೆಗಳ ಪೇಂಟಿಂಗ್ ಗೋಡೆಯ ಮೇಲೆ ಇರುತ್ತದೆ, ನಾನು ನೋಡಿದ್ದೇನೆ. ಅದರ ಕೆಳಗೆ ನಿಂತೇ “ಇಲ್ಲಿ ತಂದಿಲ್ಲ” ಎನ್ನುವುದನ್ನೂ ಕೇಳಿದ್ದೇನೆ.

ಹಾಗಾದರೆ ಎಲ್ಲಿ ತಪ್ಪುತ್ತದೆ? ನನಗೆ ಕಂಡಂತೆ, ‘ಅರೆಸ್ಟ್ ಅಲ್ಲ, ವಿಚಾರಣೆಗೆ ಕರೆದಿದ್ದೇವೆ’ ಎಂಬ ಮಾತಿನಲ್ಲಿ. ಒಬ್ಬನನ್ನು ಕರೆತಂದ ಹೊತ್ತಿಗೂ ಕಾಗದದ ಮೇಲೆ ಅರೆಸ್ಟ್ ಎಂದು ಬರೆದ ಹೊತ್ತಿಗೂ ನಡುವೆ ಒಂದು ಸಂದು ಇರುತ್ತದೆ. ಕೆಲವೊಮ್ಮೆ ಅರ್ಧ ತಾಸು, ಕೆಲವೊಮ್ಮೆ ಒಂದು ರಾತ್ರಿ. ಆ ಸಂದಿನಲ್ಲಿ ಇರುವವನು ಯಾವ ಪುಸ್ತಕದಲ್ಲೂ ಇಲ್ಲ, ಯಾವ ಹಲಗೆಯ ಮೇಲೂ ಇಲ್ಲ. ಮನೆಯವರಿಗೆ ನೀವು ಹೇಳುವ “ಇಲ್ಲ” ಕಾಗದದ ಲೆಕ್ಕದಲ್ಲಿ ಸುಳ್ಳೂ ಅಲ್ಲ. ಆದರೆ ಎದ್ದು ಮನೆಗೆ ಹೋಗುತ್ತೇನೆ ಎಂದರೆ ಬಿಡುವುದಿಲ್ಲ ಎಂದಾದ ಮೇಲೆ ಅದು ಬಂಧನವೇ ಎಂಬುದು ನನ್ನ ನಂಬಿಕೆ. ಸಂವಿಧಾನದ 22ನೇ ವಿಧಿ ಕೊಟ್ಟ 24 ತಾಸಿನ ಗಡಿಯಾರವೂ ಆಗಲೇ ಓಡತೊಡಗುತ್ತದೆ. ವಿಚಾರಣೆಗಷ್ಟೇ ಬೇಕಾದರೆ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 35ರ ಕೆಳಗೆ ನೋಟಿಸು ಕೊಟ್ಟು ಕರೆಯುವ ದಾರಿ ಇದೆ. ಏಳು ವರ್ಷದ ತನಕ ಶಿಕ್ಷೆ ಇರುವ ಅಪರಾಧಗಳಲ್ಲಿ ಕಾರಣ ಬರೆಯದೆ ಸುಮ್ಮನೆ ಹಿಡಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ 2014ರ ಅರ್ನೇಶ್ ಕುಮಾರ್ ತೀರ್ಪು ಹೇಳಿ ವರ್ಷಗಳೇ ಕಳೆದವು. ನಮ್ಮ ಕಡೆಯ ಪ್ರಕರಣಗಳಲ್ಲಿ ಹೆಚ್ಚಿನವು ಅಂಥವೇ ಅಲ್ಲವೇ? ಬದುವಿನ ಜಗಳ, ಪಂಪ್‌ಸೆಟ್ ಕೇಬಲ್, ಬೈಕು, ಅಂದರ್ ಬಾಹರ್, ಓಸಿ ಚೀಟಿ.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಜಾತ್ರೆಗೆ ಬಂದೋಬಸ್ತು, ಮಂತ್ರಿಗಳು ಬಂದರೆ ಬಂದೋಬಸ್ತು, ಕಬ್ಬಿನ ಹಂಗಾಮು ಶುರುವಾದರೆ ಕಾರ್ಖಾನೆಯ ಗೇಟಿಗೆ ಬಂದೋಬಸ್ತು. 2025ರ ನವೆಂಬರಿನಲ್ಲಿ ಮುಧೋಳ ಸೀಮೆಯಲ್ಲಿ ಕಬ್ಬಿನ ದರದ ಹೋರಾಟ ಕಾವೇರಿದಾಗ ನಿಮಗೆ ನಿದ್ದೆ ಎಷ್ಟು ಇತ್ತು ಎಂದು ನಾವೂ ಬಲ್ಲೆವು. ಅಂಥ ದಿನ ಹೋರಾಟಗಾರರನ್ನು ಮುಂಜಾಗ್ರತೆಗೆಂದು ಬಸ್ಸಿನಲ್ಲಿ ತುಂಬಿ ಒಂದು ಕಲ್ಯಾಣ ಮಂಟಪಕ್ಕೋ ಮೈದಾನಕ್ಕೋ ಒಯ್ಯುವುದು ಎಲ್ಲ ಊರಿನಲ್ಲೂ ಇದೆ. ಅವರ ಹೆಸರು ಎಫ್‌ಐಆರ್‌ನಲ್ಲಿ ಇರಲಿಕ್ಕಿಲ್ಲ. ಆದರೆ ಮನೆಯಲ್ಲಿ ಎಮ್ಮೆ ಹಿಂಡಲು ಆಳಿಲ್ಲದೆ ಕಾಯುವ ಹೆಂಡತಿಗೆ ಮುಂಜಾಗ್ರತೆ, ದಸ್ತಗಿರಿ ಎಂಬ ವ್ಯತ್ಯಾಸ ಏನು ಗೊತ್ತು? ಬಸ್ಸು ಹತ್ತಿಸುವಾಗಲೇ ಹೆಸರು ಬರೆದುಕೊಳ್ಳುತ್ತೀರಿ. ಆ ಚೀಟಿಯ ಒಂದು ಪ್ರತಿಯನ್ನು ಠಾಣೆಯ ಬಾಗಿಲಿಗೆ ಅಂಟಿಸಿದರೆ ಅರ್ಧ ಗದ್ದಲ ಅಲ್ಲೇ ಇಳಿಯುತ್ತದೆ. ಗೇಟಿನ ಮುಂದೆ ಸೇರುವ ಜನರಲ್ಲಿ ಬಹುಪಾಲು ಕೂಗಲು ಬಂದವರಲ್ಲ, ಕೇಳಲು ಬಂದವರು.

ನಮ್ಮ ಸೀಮೆಗೇ ವಿಶೇಷವಾದ ತೊಡಕುಗಳೂ ಇವೆ. ಬೀಳಗಿ ತಾಲ್ಲೂಕಿನ ಎಷ್ಟೋ ಹಳ್ಳಿಗಳು ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಿಂದಾಗಿ ಸರಿದು ಪುನರ್ವಸತಿ ಕೇಂದ್ರಗಳಾದವು. ಆಧಾರ್ ಕಾರ್ಡಿನಲ್ಲಿ ಒಂದು ಊರು, ಬಾಳ್ವೆ ಇನ್ನೊಂದು ಊರು. ಬೀಟ್ ಪೇದೆ ಮೊದಲ ವಿಳಾಸಕ್ಕೆ ಹೋಗಿ ‘ಮನೆಯಲ್ಲಿ ಯಾರೂ ಇಲ್ಲ’ ಎಂದು ವರದಿ ಬರೆದರೆ ಅದು ಅವನ ತಪ್ಪೂ ಅಲ್ಲ, ನೀರಿನ ತಪ್ಪೂ ಅಲ್ಲ. ಬಂಧಿತನನ್ನೇ ಕೇಳಿ ಫೋನ್ ನಂಬರು ಬರೆದುಕೊಂಡರೆ ಮುಗಿಯಿತು. ಜಮಖಂಡಿಯಿಂದ ಆಚೆಗೆ ಅಥಣಿ ದಾಟಿದರೆ ಮಹಾರಾಷ್ಟ್ರ. ದುಡಿಯಲು ನಮ್ಮ ಹುಡುಗರು ಸಾಂಗಲಿ, ಇಚಲಕರಂಜಿ, ಗೋವಾ ತನಕ ಹೋಗುತ್ತಾರೆ. ಅಲ್ಲಿ ಸಿಕ್ಕಿಬಿದ್ದವನ ಸುದ್ದಿ ಇಲ್ಲಿಗೆ ಬರುವುದು ದೇವರ ದಯೆಯ ಮೇಲೆ. ವಾರಂಟಿನ ಮೇಲೆ ಬೇರೆ ಜಿಲ್ಲೆಯಲ್ಲಿ ಹಿಡಿದರೆ, ಬಂಧಿತನು ವಾಸವಿರುವ ಜಿಲ್ಲೆಯ ನಿಯೋಜಿತ ಅಧಿಕಾರಿಗೂ ಕೂಡಲೇ ತಿಳಿಸಬೇಕೆಂದು ಹೊಸ ಸಂಹಿತೆಯ ಕಲಂ 82ರಲ್ಲಿ ಸೇರಿಸಿದ್ದಾರೆ. ಹಾಗೆ ಬಂದ ಸಂದೇಶ ಬಾಗಲಕೋಟೆಯ ನವನಗರದ ಕಚೇರಿಯಲ್ಲೇ ನಿಲ್ಲಬಾರದು, ಆ ಊರಿನ ಠಾಣೆಗೆ, ಅಲ್ಲಿಂದ ಮನೆಗೆ ಇಳಿಯಬೇಕು. ಬನಹಟ್ಟಿಯಿಂದ ಬಾಗಲಕೋಟೆಗೆ ಹೋಗಿಬರುವುದೆಂದರೆ ನೇಕಾರನಿಗೆ ಒಂದು ದಿನದ ಕೂಲಿ ಹೋಯಿತು. ಜಿಲ್ಲಾ ಕೇಂದ್ರದ ಫಲಕ ನೋಡಲು ಯಾರು ಹೋಗುತ್ತಾರೆ? ಅದಕ್ಕೇ ಕಾನೂನು ಪ್ರತಿ ಠಾಣೆಯಲ್ಲೂ ಎಂದು ಹೇಳಿರುವುದು.

ಕಬ್ಬು ಕಳಿಸಿದ ರೈತನಿಗೆ ಕಾರ್ಖಾನೆಯ ಕಾಟಾ ದಾಟಿದ ಕೂಡಲೇ ಟ್ರ್ಯಾಕ್ಟರ್ ನಂಬರು, ತೂಕ ಸಮೇತ ಮೊಬೈಲಿಗೆ ಸಂದೇಶ ಬರುತ್ತದೆ. ಹೊಲದ ಕಬ್ಬಿಗೆ ಸಿಕ್ಕ ಈ ಸೌಲಭ್ಯ ಹೊಟ್ಟೆಯ ಮಗನಿಗೆ ಸಿಗಲಾರದೇ?

ಈಗ ಆ ಫೋಟೊಗಳ ವಿಷಯ. ಬಂಧಿತನ ಹೆಸರು ಹಲಗೆಯ ಮೇಲೆ ಬರೆಯಿರಿ ಎನ್ನುವ ನಾನೇ ಫೋಟೊ ಹರಿಬಿಡಬೇಡಿ ಎಂದರೆ ಎರಡು ನಾಲಗೆ ಎನ್ನಿಸೀತು. ನನ್ನ ಲೆಕ್ಕ ಹೀಗಿದೆ. ಹಲಗೆ ಹುಡುಕಿಕೊಂಡು ಬಂದವನಿಗೆ ಉತ್ತರ ಕೊಡುತ್ತದೆ. ಫೋಟೊ ಹುಡುಕದವನ ಕೈಗೂ ಹೋಗಿ ಕೂರುತ್ತದೆ, ಮತ್ತೆ ವಾಪಸು ಬರುವುದಿಲ್ಲ. ಹಲಗೆಯನ್ನು ನಾಳೆ ಒರೆಸಬಹುದು. ಅಮೆರಿಕದಲ್ಲಿ ಇದರ ಇನ್ನೊಂದು ತುದಿ ಕಾಣುತ್ತದೆ. ಅಲ್ಲಿ ಅನೇಕ ಕೌಂಟಿಗಳ ಶೆರಿಫ್ ಕಚೇರಿಗಳು ಜೈಲಿಗೆ ಬಂದವರ ಹೆಸರು, ಆರೋಪ, ಜಾಮೀನಿನ ಮೊತ್ತ, ಮುಖದ ಫೋಟೊ ಎಲ್ಲವನ್ನೂ ಜಾಲತಾಣದಲ್ಲಿ ಹಾಕುತ್ತವೆ. ಮನೆಯವರು ಕೂತಲ್ಲೇ ಹುಡುಕಿಕೊಳ್ಳಬಹುದು, ಅದು ನಿಜಕ್ಕೂ ಅನುಕೂಲ. ಆದರೆ ಆ ಫೋಟೊಗಳನ್ನು ಹೆಕ್ಕಿ ತಮ್ಮ ತಾಣದಲ್ಲಿ ಹಾಕಿ, ತೆಗೆಯಬೇಕಾದರೆ ದುಡ್ಡು ಕೊಡಿ ಎನ್ನುವ ದಂಧೆಯೇ ಹುಟ್ಟಿಕೊಂಡಿತು. ಆರೋಪ ಬಿದ್ದುಹೋದವರೂ ದುಡ್ಡು ತೆತ್ತರು. ಕೊನೆಗೆ ಹಲವು ರಾಜ್ಯಗಳು ಅದನ್ನು ತಡೆಯಲು ಕಾನೂನು ಮಾಡಬೇಕಾಯಿತು. ನಮ್ಮಲ್ಲಿ ಠಾಣೆಯ ಒಳಗೆ ತೆಗೆದ ಫೋಟೊ ಊರಿನ ಗುಂಪಿಗೆ ಹೋಗುವುದಾದರೆ ಅದು ಠಾಣೆಯ ಒಳಗಿನ ಒಂದು ಮೊಬೈಲಿನಿಂದಲೇ ಹೋಗಿರಬೇಕು. ಅದು ಯಾರದೆಂದು ನಾನು ಕೇಳುವುದಿಲ್ಲ. ನಿಮ್ಮ ಸಾಹೇಬರು ಕೇಳಲಿ.

ಎಲ್ಲ ಹೆಸರೂ ಹಲಗೆಗೆ ಬರುವಂಥವಲ್ಲ. ಹದಿನೆಂಟು ತುಂಬದ ಮಕ್ಕಳನ್ನು ಲಾಕಪ್ಪಿಗೂ ಹಾಕುವಂತಿಲ್ಲ, ಅವರ ಗುರುತು ಬಯಲು ಮಾಡುವಂತಿಲ್ಲ; 2015ರ ಬಾಲನ್ಯಾಯ ಕಾಯ್ದೆ ಈ ಮಾತಿನಲ್ಲಿ ಬಿಗಿ. ಹಾಗೆಂದು ತಂದೆತಾಯಿಗೆ ತಿಳಿಸದೆ ಇರಬೇಕೆಂದಲ್ಲ, ಅವರಿಗಂತೂ ತಕ್ಷಣ ತಿಳಿಯಬೇಕು. ಅತ್ಯಾಚಾರ, ಪೋಕ್ಸೊ ಪ್ರಕರಣಗಳಲ್ಲಿ ಆರೋಪಿಯ ಹೆಸರು, ವಿಳಾಸದಿಂದಲೇ ನೊಂದವಳ ಗುರುತು ಸಿಕ್ಕಿಬಿಡುವ ಸಂಭವ ಹಳ್ಳಿಯಲ್ಲಿ ಹೆಚ್ಚು. ಅಲ್ಲಿ ಎಚ್ಚರ ಬೇಕು.

ಒಬ್ಬ ತಂದೆ ನನ್ನನ್ನು ಕೇಳಿದ್ದ: “ಹೆಸರ ಹಲಗಿ ಮ್ಯಾಲ ಬರದರ ಮಾನ ಹೋಗೂದಿಲ್ಲೇನ್ರಿ, ಮಗಳ ಮದುವಿ ಗೊತ್ತಾಗೇತಿ.” ಉತ್ತರ ಕೊಡಲು ತಡವರಿಸಿದೆ. ಈಗಲೂ ಪೂರಾ ಉತ್ತರ ನನ್ನಲ್ಲಿಲ್ಲ. ಆದರೆ ಹಲಗೆಗಿಂತ ಮೊದಲು ಫೋನು ಬಂದಿದ್ದರೆ ಆತ ಹಲಗೆಯ ಬಗ್ಗೆ ಅಷ್ಟು ಹೆದರುತ್ತಿರಲಿಲ್ಲ ಎನ್ನಿಸುತ್ತದೆ. ಹಲಗೆ ಇರುವುದು ಫೋನು ತಲುಪದವರಿಗಾಗಿ: ನಂಬರು ಬದಲಾದ ಹೆಂಡತಿಗೆ, ಮೊಬೈಲೇ ಇಲ್ಲದ ಅಜ್ಜಿಗೆ, ಕಬ್ಬು ಕಡಿಯಲು ಹೋಗಿ ವಾರದ ಮೇಲೆ ಬಂದ ಅಣ್ಣನಿಗೆ.

ಹಿಡಿದೊಯ್ದವರ ಹೆಸರನ್ನು ನೆನಪಿಡುವುದು ಈ ಮಣ್ಣಿಗೆ ಹೊಸದೂ ಅಲ್ಲ. 1857ರಲ್ಲಿ ಆಯುಧ ಒಪ್ಪಿಸಲು ಒಲ್ಲೆನೆಂದ ಹಲಗಲಿಯ ಬೇಡರನ್ನು ಇಂಗ್ಲಿಷರು ಹಿಡಿದೊಯ್ದು ಹತ್ತೊಂಬತ್ತು ಮಂದಿಯನ್ನು ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲಿಗೇರಿಸಿದರು. ಸರ್ಕಾರದ ದಫ್ತರದಲ್ಲಿ ಅವರ ಹೆಸರು ಇದ್ದಿರಬಹುದು, ಓದಿದವರು ಯಾರು? ಊರಿನವರು ಹೆಸರುಗಳನ್ನು ಲಾವಣಿ ಕಟ್ಟಿ ಹಾಡಿದರು. ಮುಂದೆ ಅದೇ ಇಂಗ್ಲಿಷರ ಅಧಿಕಾರಿ ಫ್ಲೀಟ್ ಬಂದು ಆ ಲಾವಣಿಯನ್ನು ಬರೆದುಕೊಂಡ.

ನನ್ನ ಕೋರಿಕೆಗಳನ್ನು ಬಿಡಿಸಿ ಹೇಳುತ್ತೇನೆ. ಠಾಣೆಯ ಒಳಗೆ ಬರುವವರಿಗೆ ಕಾಣುವ ಜಾಗದಲ್ಲಿ ಒಂದು ಹಲಗೆ ಇಡಿ. ಒಳಗಿನ ಕೋಣೆಯಲ್ಲಿ, ವೈರ್‌ಲೆಸ್ ಸೆಟ್ಟಿನ ಹಿಂದೆ ಬೇಡ. ಅದರ ಮೇಲೆ ಹೆಸರು, ಊರು, ಅಪರಾಧ ಸಂಖ್ಯೆ, ಕಲಂ, ಹಿಡಿದ ತಾರೀಖು ವೇಳೆ, ಯಾವ ಕೋರ್ಟಿಗೆ ಯಾವಾಗ ಹಾಜರು, ಹಾಜರಾದ ಮೇಲೆ ಯಾವ ಜೈಲು ಎಂದು ಕನ್ನಡದಲ್ಲಿ ಬರೆಯಿರಿ. ಕೊನೆಯದು ಬಹಳ ಮುಖ್ಯ. ರಿಮಾಂಡ್ ಆದವನನ್ನು ಬಾಗಲಕೋಟೆಯ ಜಿಲ್ಲಾ ಕಾರಾಗೃಹಕ್ಕೆ ಒಯ್ದರೋ ವಿಜಯಪುರದ ದರ್ಗಾ ಜೈಲಿಗೋ ಎಂದು ಗೊತ್ತಿಲ್ಲದೆ ಬುತ್ತಿ ಕಟ್ಟಿಕೊಂಡು ತಪ್ಪು ಊರಿಗೆ ಹೋಗಿ ಬಂದವರನ್ನು ನಾನು ಕಂಡಿದ್ದೇನೆ. ಜಾಮೀನಾದವರ, ಬಿಟ್ಟು ಕಳಿಸಿದವರ ಹೆಸರನ್ನು ಅದೇ ದಿನ ಒರೆಸಿ. ನಿಯೋಜಿತ ಅಧಿಕಾರಿ ಯಾರು ಎಂಬುದನ್ನು ಅವರ ಠಾಣೆಯ ಫೋನ್ ನಂಬರು ಸಮೇತ ಹಲಗೆಯ ತಲೆಯಲ್ಲಿ ಬರೆದಿಡಿ. ಕಲಂ 48ರ ಪುಸ್ತಕದಲ್ಲಿ ‘ಮನೆಯವರಿಗೆ ತಿಳಿಸಲಾಗಿದೆ’ ಎಂಬ ಸಿದ್ಧ ವಾಕ್ಯದ ಬದಲು ಯಾರಿಗೆ, ಯಾವ ನಂಬರಿಗೆ, ಎಷ್ಟು ಹೊತ್ತಿಗೆ ಎಂದು ಬರೆಯಿರಿ. ನಾಳೆ ಕೋರ್ಟಿನಲ್ಲಿ ಆ ಒಂದು ಸಾಲು ನಿಮ್ಮನ್ನೇ ಕಾಯುತ್ತದೆ.

ಅದು ಬರೀ ಮಾತಲ್ಲ. 2025ರ ಫೆಬ್ರುವರಿಯಲ್ಲಿ ವಿಹಾನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬಂಧನದ ಕಾರಣ ತಿಳಿಸದಿದ್ದರೆ ಬಂಧನವೇ ಊರ್ಜಿತವಲ್ಲ ಎಂದಿತು. ಅದೇ ವರ್ಷದ ನವೆಂಬರ್ 6ರಂದು ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ, ಯಾವುದೇ ಕಾಯ್ದೆಯ ಅಪರಾಧವಾಗಲಿ ಕಾರಣವನ್ನು ಬರವಣಿಗೆಯಲ್ಲಿ, ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು, ತಕ್ಷಣ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ತರುವುದಕ್ಕೆ ಕನಿಷ್ಠ ಎರಡು ತಾಸು ಮೊದಲಾದರೂ ಕೊಡಬೇಕು ಎಂದಿತು. ನಮ್ಮಲ್ಲಿ ತಿಳಿಯುವ ಭಾಷೆ ಎಂದರೆ ಕನ್ನಡ; ಕೆಲವು ಮನೆಗಳಲ್ಲಿ ಮರಾಠಿ, ಉರ್ದು. ಬರಹಗಾರರಾದ ನಿಮ್ಮ ಮೇಲೆ ಬಿದ್ದ ಹೊಸ ಹೊರೆ ಇದು, ನಿಜ. ಆ ಕಾಗದದ ಇನ್ನೊಂದು ಪ್ರತಿಯನ್ನು ಮನೆಯವರ ಕೈಗೆ ಕೊಟ್ಟರೆ ನಿಮ್ಮ ಮುಂದೆ ಅಳುತ್ತ ನಿಲ್ಲುವವರು ನೇರವಾಗಿ ನಮ್ಮಂಥವರ ಕಚೇರಿಗೆ ಬರುತ್ತಾರೆ. ನಿಮಗೂ ಹಗುರ.

ಈ ಪತ್ರ ಓದುವ ಮನೆಯವರಿಗೂ ಒಂದೆರಡು ಮಾತು, ನಿಮ್ಮ ಅಪ್ಪಣೆ ಇದ್ದರೆ. ಠಾಣೆಗೆ ಒಬ್ಬರೇ ಹೋಗಬೇಡಿ, ಗುಂಪಾಗಿಯೂ ಹೋಗಬೇಡಿ. ಹುಡುಗನ ಪೂರಾ ಹೆಸರು, ತಂದೆಯ ಹೆಸರು, ಯಾರ ಮುಂದೆ ಎಷ್ಟು ಹೊತ್ತಿಗೆ ಒಯ್ದರು, ಬೈಕಿನ ನಂಬರು ಸಿಕ್ಕಿದ್ದರೆ ಅದು, ಇಷ್ಟನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಇಲ್ಲಿಲ್ಲ ಎಂದರೆ ಜಗಳ ತೆಗೆಯದೆ ಜಿಲ್ಲಾ ನಿಯಂತ್ರಣ ಕೊಠಡಿಗೆ ಫೋನು ಮಾಡಿ ಕೇಳಿ. ಪ್ರತಿ ಜಿಲ್ಲೆಯಲ್ಲೂ ಅದು ಇರುವುದೇ ಇದಕ್ಕೆ. 15100ಕ್ಕೆ ಕರೆ ಮಾಡಿದರೆ ಕಾನೂನು ಸೇವಾ ಪ್ರಾಧಿಕಾರದವರು ಸಿಗುತ್ತಾರೆ. ನ್ಯಾಯಾಲಯದ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿಯ ಕಚೇರಿ ಕೇಳಿ. ಕಸ್ಟಡಿಯಲ್ಲಿ ಇರುವವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗಬೇಕು ಎಂಬುದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಮಾತು. ಎಫ್‌ಐಆರ್‌ಗಳನ್ನು 24 ತಾಸಿನೊಳಗೆ ಜಾಲತಾಣಕ್ಕೆ ಏರಿಸಬೇಕೆಂದು 2016ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು. ರಾಜ್ಯ ಪೊಲೀಸರ ತಾಣದಲ್ಲಿ ಠಾಣೆಯ ಹೆಸರು ಹಾಕಿ ಹುಡುಕಲು ಓದಿದ ಹುಡುಗಿಯೊಬ್ಬಳು ಓಣಿಯಲ್ಲಿ ಇದ್ದೇ ಇರುತ್ತಾಳೆ. ಆದರೆ ಎಫ್‌ಐಆರ್‌ನಲ್ಲಿ ಆರೋಪಿಯ ಹೆಸರು ಇರುತ್ತದೆ, ಹಿಡಿದರೋ ಇಲ್ಲವೋ ಎಂಬುದು ಇರಲಿಕ್ಕಿಲ್ಲ. ‘ಅಪರಿಚಿತರು’ ಎಂದು ಬರೆದ ಎಫ್‌ಐಆರ್‌ನಲ್ಲಿ ಹೆಸರೂ ಇರುವುದಿಲ್ಲ. ಠಾಣೆ, ಎಫ್‌ಐಆರ್ ಸಂಖ್ಯೆ, ವರ್ಷ ಗೊತ್ತಾದರೆ ಇ-ಕೋರ್ಟ್ಸ್ ತಾಣದಲ್ಲಿ ಮುಂದಿನ ತಾರೀಖು ಸಿಗುತ್ತದೆ. ಜೈಲಿನಲ್ಲಿ ಭೇಟಿಗೆ ಇ-ಮುಲಾಖಾತ್ ಎಂಬ ವ್ಯವಸ್ಥೆ ಇದೆ. ಒಂದು ಹಗಲು ರಾತ್ರಿ ಕಳೆದರೂ ಕೋರ್ಟಿಗೆ ತರಲಿಲ್ಲ, ಎಲ್ಲಿದ್ದಾನೆ ಎಂಬುದೂ ಗೊತ್ತಾಗಲಿಲ್ಲ ಎಂದರೆ ಹೇಬಿಯಸ್ ಕಾರ್ಪಸ್ ಅರ್ಜಿಗೆ ಧಾರವಾಡದ ಹೈಕೋರ್ಟ್ ಪೀಠ ಇದೆ. ಮಾಹಿತಿ ಹಕ್ಕು ಕಾಯ್ದೆಯಲ್ಲೂ ಜೀವ, ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಪ್ರಶ್ನೆಗೆ 30 ದಿನ ಕಾಯಬೇಕಿಲ್ಲ, 48 ತಾಸಿನಲ್ಲಿ ಉತ್ತರ ಬರಬೇಕು. ಇವೆಲ್ಲ ಕೊನೆಯ ಬಾಗಿಲುಗಳು. ಮೊದಲ ಬಾಗಿಲು ನಿಮ್ಮ ಠಾಣೆಯದೇ ಆಗಿರಲಿ ಎಂದು ಬರಹಗಾರರಾದ ನಿಮ್ಮನ್ನು ಮತ್ತೆ ಕೇಳಿಕೊಳ್ಳುತ್ತೇನೆ.

ಹಣ ಇಲ್ಲ, ಅನುದಾನ ಬಂದಿಲ್ಲ ಎಂಬ ಮಾತು ಬಂದೀತೆಂದು ಮೊದಲೇ ಹೇಳಿಬಿಡುತ್ತೇನೆ. ಚಿಕ್ಕಪಡಸಲಗಿಯಲ್ಲಿ ಸರ್ಕಾರದ ದಾರಿ ಕಾಯದೆ ಕೃಷ್ಣೆಗೆ ತಾವೇ ಬ್ಯಾರೇಜ್ ಕಟ್ಟಿಕೊಂಡ ರೈತರ ಸೀಮೆ ಇದು. ಒಂದು ಕರಿಹಲಗೆ ನಮಗೆ ಭಾರವಾಗುವುದಿಲ್ಲ. ಸಾವಳಗಿಯಿಂದ ಲೋಕಾಪುರದ ತನಕ, ತೇರದಾಳದಿಂದ ಬೀಳಗಿಯ ತನಕ, ಬೇಕೆಂದ ಠಾಣೆಗೆ ಹಲಗೆ, ಸುಣ್ಣದ ಕಡ್ಡಿ, ಮೇಲೆ ಅಂಕಣಗಳ ಹೆಸರು ಬರೆಸಿಕೊಡಲು ನಾವು ಕೆಲವು ಗುಮಾಸ್ತರು ಮಾತಾಡಿಕೊಂಡಿದ್ದೇವೆ. ಕಾಣಿಕೆ ಎಂದು ತೆಗೆದುಕೊಳ್ಳಲು ನಿಯಮ ಅಡ್ಡ ಬರುವುದಾದರೆ ಡಿವೈಎಸ್‌ಪಿ ಸಾಹೇಬರ ಒಪ್ಪಿಗೆ ಕೇಳಿ ಅರ್ಜಿ ನಾವೇ ಬರೆಯುತ್ತೇವೆ, ಅದು ನಮ್ಮ ಕಸುಬು. ಹಲಗೆಯ ಅಳತೆ ಎಷ್ಟು, ಯಾವ ಗೋಡೆಗೆ ಎಂದು ತಿಳಿಸಿ. ಕೋರ್ಟಿನಲ್ಲಿ ನನ್ನನ್ನು ಕಂಡಾಗ ಹೇಳಿದರೂ ಸಾಕು.

ತಮ್ಮ ವಿಶ್ವಾಸಿ,

ವಕೀಲರ ಕಚೇರಿಯ ಒಬ್ಬ ಗುಮಾಸ್ತ
ಬನಹಟ್ಟಿ, ಬಾಗಲಕೋಟೆ ಜಿಲ್ಲೆ